ರಿಜಿಸ್ಟರ್ ಉಳಿಸುವ ಹೊಣೆ ಯಾರದು? ಫಂಕ್ಷನ್ ಕರೆಯ ಪದ್ಧತಿ ಆರಿಸುವವರಿಗೊಂದು ಹೋಲಿಕೆ

ಒಂದು ಫಂಕ್ಷನ್ ಇನ್ನೊಂದನ್ನು ಕರೆಯುತ್ತದೆ. ಎರಡಕ್ಕೂ ಇರುವುದು ಅದೇ ಹದಿನಾರೋ ಮೂವತ್ತೆರಡೋ ರಿಜಿಸ್ಟರ್, ಅಂದರೆ ಪ್ರೊಸೆಸರಿನೊಳಗೆ ಲೆಕ್ಕದ ಮೌಲ್ಯ ಹಿಡಿಯುವ ಪುಟ್ಟ ಜಾಗ. ಕರೆದ ಫಂಕ್ಷನ್ನಿನ ಲೆಕ್ಕ ಇನ್ನೂ ಅರ್ಧದಲ್ಲಿದೆ, ಕರೆಸಿಕೊಂಡದ್ದಕ್ಕೂ ಕೆಲಸ ಮಾಡಲು ಜಾಗ ಬೇಕು. ಹಳೆಯ ಮೌಲ್ಯಗಳನ್ನು ಸ್ಟ್ಯಾಕಿಗೆ (ಮೆಮೊರಿಯಲ್ಲಿ ಫಂಕ್ಷನ್ ಕರೆಗಳಿಗೆ ಮೀಸಲಾದ ಜಾಗಕ್ಕೆ) ಎತ್ತಿಟ್ಟು, ಆಮೇಲೆ ಮರಳಿ ತಂದಿಡುವ ಖರ್ಚನ್ನು ಯಾರು ಹೊರಬೇಕು? ಬಾಡಿಗೆ ಮನೆ ಖಾಲಿ ಮಾಡುವಾಗ ಗೋಡೆಗೆ ಬಣ್ಣ ಹೊಡೆಸುವ ಖರ್ಚು ಯಾರದೆಂದು ಅಗ್ರಿಮೆಂಟಿನಲ್ಲಿ ಬರೆದಿರುವಂತೆ, ಇಲ್ಲಿಯೂ ಒಂದು ಒಪ್ಪಂದ ಇದೆ. ಅದೇ ಎಬಿಐ (ಅಪ್ಲಿಕೇಶನ್ ಬೈನರಿ ಇಂಟರ್‌ಫೇಸ್).

ಈ ಪ್ರಶ್ನೆ ನಮ್ಮ ಊರಿನಲ್ಲಿ ಹಲವು ಕಡೆಯಿಂದ ಬರುತ್ತದೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ಪುಟ್ಟ ಕಂಪೈಲರ್ ಬರೆಯಹೊರಟವರು ಕೇಳುತ್ತಾರೆ. ಸ್ವಂತ ಸ್ಕ್ರಿಪ್ಟಿಂಗ್ ಭಾಷೆಗೆ ಜೆಐಟಿ (ಓಡುವಾಗಲೇ ಕಂಪೈಲ್ ಮಾಡುವ ವ್ಯವಸ್ಥೆ) ಸೇರಿಸುವ ಸಣ್ಣ ತಂಡಗಳು ಕೇಳುತ್ತವೆ. ಬೆಂಗಳೂರಿನ ಎಸ್‌ಪಿ ರೋಡಿನಿಂದ ಬೋರ್ಡ್ ತಂದು, ಕೋಡ್ ಫ್ಲ್ಯಾಶಿನಲ್ಲಿ ಹಿಡಿಸುತ್ತಿಲ್ಲ ಎಂದು ಒದ್ದಾಡುವವರೂ ಕೇಳುತ್ತಾರೆ. ಮೂವರಿಗೂ ಒಂದೇ ಉತ್ತರ ಹೊಂದುವುದಿಲ್ಲ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮೊದಲು ಎಣಿಸಬೇಕಾದದ್ದು ಕರೆಯನ್ನು ದಾಟಿ ಬದುಕುವ ಮೌಲ್ಯಗಳನ್ನು. ಕರೆಗೆ ಮುಂಚೆ ಹುಟ್ಟಿ, ಕರೆ ಮುಗಿದ ಮೇಲೂ ಬೇಕಾಗುವ ಮೌಲ್ಯಗಳಷ್ಟೇ ಇಲ್ಲಿ ಖರ್ಚಿಗೆ ಕಾರಣ. ಎರಡು ಕರೆಗಳ ನಡುವೆಯೇ ಹುಟ್ಟಿ ಸಾಯುವ ಮೌಲ್ಯವನ್ನು ಯಾರೂ ಉಳಿಸಬೇಕಿಲ್ಲ.

ಎರಡನೆಯದು ಓಡುವಾಗ ಎಷ್ಟು ಸಲ ಮೆಮೊರಿಗೆ ಹೋಗಿಬರುತ್ತೇವೆ ಎಂಬುದು. ದೊಡ್ಡ ಪ್ರೊಸೆಸರಿನಲ್ಲಿ ಸ್ಟ್ಯಾಕ್ ಹೆಚ್ಚಾಗಿ ಎಲ್1 ಕ್ಯಾಶಿನಲ್ಲೇ (ಪ್ರೊಸೆಸರಿನ ಒಳಗಿನ ವೇಗದ ಮೆಮೊರಿಯಲ್ಲೇ) ಇರುವುದರಿಂದ ಈ ಖರ್ಚು ಭಾಗಶಃ ಮರೆಯಾಗುತ್ತದೆ. ಕಾರ್ಟೆಕ್ಸ್-ಎಂ3, ಎಂ4 ತರಹದ ಸಣ್ಣ ಆರ್ಮ್ ಚಿಪ್ಪಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲ: ಎನ್ ರಿಜಿಸ್ಟರ್‌ಗಳ ಒಂದು ಪುಶ್‌ಗೆ (ಸ್ಟ್ಯಾಕಿಗೆ ಬರೆಯುವ ಸೂಚನೆಗೆ) ಎನ್+1 ಸೈಕಲ್. ಮೂರನೆಯದು ಕೋಡಿನ ಗಾತ್ರ, ನಾಲ್ಕನೆಯದು ಸ್ಟ್ಯಾಕಿನ ಆಳ. ಐದನೆಯದನ್ನು ಹೆಚ್ಚಿನವರು ಮರೆಯುತ್ತಾರೆ: ಸ್ಟ್ಯಾಕನ್ನು ಹೊರಗಿನಿಂದ ಓದುವವರು ಯಾರಿದ್ದಾರೆ? ಗಾರ್ಬೇಜ್ ಕಲೆಕ್ಟರ್ (ಬೇಡವಾದ ಮೆಮೊರಿ ಬಿಡಿಸುವುದು), ಎಕ್ಸೆಪ್ಷನ್ ಅನ್‌ವೈಂಡರ್ (ತಪ್ಪಾದಾಗ ಕರೆಗಳನ್ನು ಒಂದೊಂದಾಗಿ ಬಿಚ್ಚುತ್ತ ಹಿಂದಕ್ಕೆ ಹೋಗುವುದು), ಡೀಬಗರ್, ಪ್ರೊಫೈಲರ್ ಇವರಲ್ಲಿ ಒಬ್ಬರಿದ್ದರೂ ಆಯ್ಕೆ ಬದಲಾಗಬಹುದು. ಕೊನೆಯದಾಗಿ, ಸಿ ಲೈಬ್ರರಿಗಳೊಂದಿಗೆ ಎಷ್ಟು ಸಲ ಮಾತಾಡಬೇಕು ಎಂಬುದು.

ಒಂದೇ ಲೂಪು, ಮೂರು ಲೆಕ್ಕ

ಉದಾಹರಣೆಗೆ ಒಂದು ಅರೇಯ 1,000 ಅಂಶಗಳ ಮೇಲೆ ಎಫ್ ಎಂಬ ಫಂಕ್ಷನ್ ಕರೆದು, ಉತ್ತರಗಳನ್ನು ಕೂಡುವ ಲೂಪ್ ತೆಗೆದುಕೊಳ್ಳಿ. ಕರೆಯನ್ನು ದಾಟುವ ಮೌಲ್ಯಗಳು ಮೂರು: ಈಗಿನ ಅಂಶದ ವಿಳಾಸ, ಅರೇ ಮುಗಿಯುವ ವಿಳಾಸ, ಈವರೆಗಿನ ಮೊತ್ತ. ಎಫ್ ಯಾರನ್ನೂ ಕರೆಯದ ಎಲೆ ಫಂಕ್ಷನ್, ಅದಕ್ಕೆ ತಾತ್ಕಾಲಿಕವಾಗಿ ಮೂರು ರಿಜಿಸ್ಟರ್ ಸಾಕು ಎಂದುಕೊಳ್ಳೋಣ.

ಎಲ್ಲ ರಿಜಿಸ್ಟರ್‌ಗಳೂ ಕಾಲರ್-ಸೇವ್ಡ್ ಆಗಿದ್ದರೆ, ಅಂದರೆ ಉಳಿಸುವ ಹೊಣೆ ಕರೆದವರದೇ ಆಗಿದ್ದರೆ, ಪ್ರತಿ ಸುತ್ತಿನಲ್ಲೂ ವಿಳಾಸ ಮತ್ತು ಮೊತ್ತವನ್ನು ಬರೆದು ಓದಬೇಕು. ಕೊನೆಯ ವಿಳಾಸ ಬದಲಾಗುವುದಿಲ್ಲವಾದ್ದರಿಂದ ಒಮ್ಮೆ ಬರೆದರೆ ಸಾಕು, ಓದುವುದು ಮಾತ್ರ ಪ್ರತಿ ಸಲ. ಸುತ್ತಿಗೆ ಐದರಂತೆ ಒಟ್ಟು ಸುಮಾರು 5,000 ಮೆಮೊರಿ ಓಡಾಟ.

ಎಲ್ಲವೂ ಕಾಲೀ-ಸೇವ್ಡ್ ಆಗಿದ್ದರೆ, ಅಂದರೆ ಕರೆಸಿಕೊಂಡವರೇ ಹಳೆಯದನ್ನು ಕಾಪಾಡಬೇಕಾದರೆ, ಲೂಪಿನ ಫಂಕ್ಷನ್ ಶುರುವಿನಲ್ಲಿ ಮೂರು ಪುಶ್, ಕೊನೆಯಲ್ಲಿ ಮೂರು ಪಾಪ್ (ಸ್ಟ್ಯಾಕಿನಿಂದ ಮರಳಿ ಓದುವುದು) ಮಾಡಿ ಮುಗಿಸುತ್ತದೆ. ಆದರೆ ಎಫ್ ತನ್ನ ಮೂರು ತಾತ್ಕಾಲಿಕ ರಿಜಿಸ್ಟರ್‌ಗಳಿಗಾಗಿ ಪ್ರತಿ ಕರೆಗೂ ಆರು ಸಲ ಮೆಮೊರಿಗೆ ಹೋಗುತ್ತದೆ. ಮೊತ್ತ 6,006.

ಮಿಶ್ರ ಪದ್ಧತಿಯಲ್ಲಿ ಲೂಪು ಮೂರು ಕಾಲೀ-ಸೇವ್ಡ್ ರಿಜಿಸ್ಟರ್ ಹಿಡಿಯುತ್ತದೆ, ಎಫ್ ಮೂರು ಕಾಲರ್-ಸೇವ್ಡ್ ಬಳಸುತ್ತದೆ. ಒಟ್ಟು ಓಡಾಟ ಆರು.

ಈ ಅಂಕಿ ನೋಡಿ ಮಿಶ್ರ ಪದ್ಧತಿಯೇ ಸದಾ ಗೆಲ್ಲುತ್ತದೆ ಎಂದು ತೀರ್ಮಾನಿಸಬೇಡಿ. ಎಫ್ ಕೂಡ ಇನ್ನೊಂದನ್ನು ಕರೆದು, ಎರಡು ಮೌಲ್ಯಗಳನ್ನು ಆ ಕರೆಯ ಆಚೆ ದಾಟಿಸಬೇಕಿದ್ದರೆ ಪ್ರತಿ ಸಲ ನಾಲ್ಕು ಓಡಾಟ ಬರುತ್ತದೆ, ಮೊತ್ತ 4,000 ದಾಟುತ್ತದೆ. ಕರೆಗಳ ಮರ ಆಳವಾದಷ್ಟೂ ಮಿಶ್ರ ಪದ್ಧತಿಯ ಲಾಭ ಕರಗುತ್ತದೆ, ಎಲೆಗಳ ಹತ್ತಿರ ಮಾತ್ರ ಅದು ಹೊಳೆಯುತ್ತದೆ. ಓಡುವ ಸಮಯ ಬಹಳಷ್ಟು ಎಲೆಗಳ ಹತ್ತಿರವೇ ಕಳೆಯುವ ಪ್ರೋಗ್ರಾಂಗಳು ಹೆಚ್ಚು ಇರುವುದರಿಂದ ಇವತ್ತಿನ ಮುಖ್ಯ ಎಬಿಐಗಳು ಇದನ್ನೇ ಹಿಡಿದಿವೆ.

ಮಿಶ್ರ ಪದ್ಧತಿ: ಪಾಲು ಎಷ್ಟು ಎಂಬುದೇ ವ್ಯತ್ಯಾಸ

ಲಿನಕ್ಸಿನ ಎಕ್ಸ್86-64 ಒಪ್ಪಂದದಲ್ಲಿ ಸ್ಟ್ಯಾಕ್ ಪಾಯಿಂಟರ್ ಬಿಟ್ಟರೆ ಕಾಲೀ-ಸೇವ್ಡ್ ಆರೇ: ಆರ್‌ಬಿಎಕ್ಸ್, ಆರ್‌ಬಿಪಿ, ಆರ್12ರಿಂದ ಆರ್15. ದಶಮಾಂಶ ಲೆಕ್ಕಕ್ಕೆ ಬಳಸುವ ಎಕ್ಸ್‌ಎಂಎಂ ರಿಜಿಸ್ಟರ್ ಒಂದೂ ಇಲ್ಲ. ಆದ್ದರಿಂದ ಲೂಪಿನೊಳಗೆ ಸೈನ್, ಲಾಗ್ ಇತ್ಯಾದಿಗಳನ್ನು ಕರೆಯುವ ಫ್ಲೋಟಿಂಗ್ ಪಾಯಿಂಟ್ ಕೋಡ್ ಪ್ರತಿ ಕರೆಗೂ ತನ್ನ ಮೌಲ್ಯಗಳನ್ನು ಸ್ಟ್ಯಾಕಿಗೆ ಸುರಿಯುತ್ತದೆ. ವಿಂಡೋಸ್ ಅದೇ ಚಿಪ್ಪಿನಲ್ಲಿ ಬೇರೆ ದಾರಿ ಹಿಡಿದಿದೆ: ಆರ್‌ಡಿಐ, ಆರ್‌ಎಸ್‌ಐ ಕೂಡ ಕಾಲೀ-ಸೇವ್ಡ್, ಜೊತೆಗೆ ಎಕ್ಸ್‌ಎಂಎಂ6ರಿಂದ 15ರ ತನಕ ಹತ್ತು. ಈ ಹತ್ತನ್ನೂ ಮುಟ್ಟುವ ಫಂಕ್ಷನ್ 160 ಬೈಟ್ ಉಳಿಸಬೇಕು. ಲಿನಕ್ಸಿನಿಂದ ವಿಂಡೋಸಿಗೆ ಅಸೆಂಬ್ಲಿ ಒಯ್ಯುವವರು ಎಡವುವುದು ಇಲ್ಲಿಯೇ.

64 ಬಿಟ್ ಆರ್ಮ್ ನನ್ನ ದೃಷ್ಟಿಯಲ್ಲಿ ಹೆಚ್ಚು ಸಮತೂಕದ್ದು. ಎಕ್ಸ್19ರಿಂದ ಎಕ್ಸ್28ರ ತನಕ ಹತ್ತು ಕಾಲೀ-ಸೇವ್ಡ್, ಎರಡೆರಡನ್ನು ಒಟ್ಟಿಗೆ ಬರೆಯುವ ಎಸ್‌ಟಿಪಿ ಸೂಚನೆಯಿಂದ ಪ್ರೊಲಾಗ್ (ಫಂಕ್ಷನ್ನಿನ ಶುರುವಿನಲ್ಲಿ ಉಳಿಸುವ ಕೋಡ್) ಚಿಕ್ಕದಾಗುತ್ತದೆ. ಒಂದು ಎಚ್ಚರ ಮಾತ್ರ ಬೇಕು: ವಿ8ರಿಂದ ವಿ15 ಕಾಲೀ-ಸೇವ್ಡ್ ಎಂದು ಹೇಳುವಾಗ ಕೆಳಗಿನ 64 ಬಿಟ್‌ಗಳಿಗಷ್ಟೇ ಆ ಮಾತು ಅನ್ವಯ. 128 ಬಿಟ್ ಪೂರ್ತಿ ಉಳಿಯುತ್ತದೆಂದು ನಂಬಿ ಬರೆದ ನಿಯಾನ್ (ಆರ್ಮ್‌ನ ವೆಕ್ಟರ್ ಸೂಚನೆಗಳ) ಅಸೆಂಬ್ಲಿ, ಮೇಲಿನ ಅರ್ಧ ಅಳಿಸಿಹೋದಾಗ ತಪ್ಪು ಉತ್ತರ ಕೊಡುತ್ತದೆ, ಕ್ರ್ಯಾಶ್ ಆಗುವುದೂ ಇಲ್ಲ.

ಮುಕ್ತ ವಿನ್ಯಾಸದ ರಿಸ್ಕ್-ಫೈವ್ ಚಿಪ್ಪುಗಳಲ್ಲಿ ಎಸ್0ರಿಂದ ಎಸ್11 ಹನ್ನೆರಡು ಕಾಲೀ-ಸೇವ್ಡ್. ಎ0–ಎ7, ಟಿ0–ಟಿ6 ಮತ್ತು ಆರ್‌ಎ ಸೇರಿ ಹದಿನಾರು ಕಾಲರ್-ಸೇವ್ಡ್. ಈ ಹದಿನಾರರ ಬೆಲೆ ಇಂಟರಪ್ಟ್ (ಓಡುತ್ತಿರುವ ಕೆಲಸವನ್ನು ತಡೆದು ನುಗ್ಗುವ ಸಂಕೇತ) ಬಂದಾಗ ತಿಳಿಯುತ್ತದೆ. ಇಂಟರಪ್ಟ್ ಹ್ಯಾಂಡ್ಲರ್ ಬೇರೆ ಯಾವುದೋ ಕಂಪೈಲ್ ಘಟಕದ ಫಂಕ್ಷನ್ ಒಂದನ್ನು ಕರೆದರೂ ಸಾಕು, ಅದು ಏನೆಲ್ಲ ಕೆಡಿಸಬಹುದೋ ಗೊತ್ತಿಲ್ಲದೆ ಹದಿನಾರನ್ನೂ ಉಳಿಸಬೇಕಾಗುತ್ತದೆ: 32 ಬಿಟ್ ಚಿಪ್ಪಿನಲ್ಲಿ 64 ಬೈಟ್. ಹದಿನಾರೇ ರಿಜಿಸ್ಟರ್ ಇರುವ ಆರ್‌ವಿ32ಇ ಮಾದರಿಯಲ್ಲಿ ಹತ್ತು, ಅಂದರೆ 40 ಬೈಟ್. ಸಿಎಚ್32ವಿ003 ತರಹದ 2 ಕೆಬಿ ರ‍್ಯಾಮಿನ ಚಿಪ್ಪಿನಲ್ಲಿ ಇದು ಸಣ್ಣ ಮೊತ್ತವಲ್ಲ. ಹ್ಯಾಂಡ್ಲರ್ ಒಂದು ಫ್ಲ್ಯಾಗ್ ಎತ್ತಿ ಹಿಂತಿರುಗಲಿ, ಉಳಿದ ಕೆಲಸವನ್ನು ಮುಖ್ಯ ಲೂಪ್ ಮಾಡಲಿ. ಆಗ ಕಂಪೈಲರ್ ನಿಜವಾಗಿ ಬಳಸಿದ ಎರಡು ಮೂರು ರಿಜಿಸ್ಟರ್‌ಗಳನ್ನಷ್ಟೇ ಉಳಿಸುತ್ತದೆ.

ಕಾರ್ಟೆಕ್ಸ್-ಎಂ ಇದಕ್ಕೆ ಸೊಗಸಾದ ಪರಿಹಾರ ಕಂಡುಕೊಂಡಿದೆ. ಇಂಟರಪ್ಟ್ ಬಂದೊಡನೆ ಹಾರ್ಡ್‌ವೇರೇ ಆರ್0–ಆರ್3, ಆರ್12, ಎಲ್‌ಆರ್, ಪಿಸಿ, ಎಕ್ಸ್‌ಪಿಎಸ್‌ಆರ್ ಎಂಬ ಎಂಟು ಪದಗಳನ್ನು (ಒಂದು ಪದ ಅಂದರೆ 4 ಬೈಟ್), ಒಟ್ಟು 32 ಬೈಟ್, ಸ್ಟ್ಯಾಕಿಗೆ ಹಾಕುತ್ತದೆ. ಕರೆಯ ಒಪ್ಪಂದದಲ್ಲಿ ಕಾಲರ್-ಸೇವ್ಡ್ ಆಗಿರುವ ಸಾಮಾನ್ಯ ರಿಜಿಸ್ಟರ್‌ಗಳೆಲ್ಲ ಇದರಲ್ಲಿ ಸೇರಿವೆ. ಹಾಗಾಗಿ ಹ್ಯಾಂಡ್ಲರ್ ಸಾದಾ ಸಿ ಫಂಕ್ಷನ್ ಆಗಿರಬಹುದು. ಎಫ್‌ಪಿಯು (ಫ್ಲೋಟಿಂಗ್ ಪಾಯಿಂಟ್ ಘಟಕ) ಇರುವ ಎಂ4ರಲ್ಲಿ ಫ್ಲೋಟ್ ಬಳಕೆಯಲ್ಲಿದ್ದರೆ ಈ ಚೌಕಟ್ಟು 26 ಪದಕ್ಕೆ, 104 ಬೈಟಿಗೆ, ಬೆಳೆಯುತ್ತದೆ. ಆರ್‌ಟಿಒಎಸ್ (ಸಮಯಬದ್ಧ ಆಪರೇಟಿಂಗ್ ಸಿಸ್ಟಮ್) ಟಾಸ್ಕ್‌ಗಳಿಗೆ ಸ್ಟ್ಯಾಕ್ ಅಳೆದು ಕೊಡುವವರು ಈ 104ನ್ನು ಲೆಕ್ಕಕ್ಕೆ ಹಿಡಿಯಲೇಬೇಕು.

ಎಲ್ಲ ಕಾಲರ್-ಸೇವ್ಡ್: ಸ್ವಂತ ಭಾಷೆ ಕಟ್ಟುವವರ ದಾರಿ

ಮೇಲಿನ ಲೆಕ್ಕ ನೋಡಿದರೆ ಇದು ಸೋತ ಪದ್ಧತಿ ಅನ್ನಿಸುತ್ತದೆ. ಆದರೂ ಗೋ ಭಾಷೆ 1.17ನೇ ಆವೃತ್ತಿಯಲ್ಲಿ, 2021ರಲ್ಲಿ, ಆರ್ಗ್ಯುಮೆಂಟುಗಳನ್ನು ರಿಜಿಸ್ಟರ್ ಮೂಲಕ ಕಳಿಸತೊಡಗಿದಾಗಲೂ ಕಾಲೀ-ಸೇವ್ಡ್ ಸಾಮಾನ್ಯ ರಿಜಿಸ್ಟರ್‌ಗಳನ್ನು ಸೇರಿಸಲಿಲ್ಲ. ಎಕ್ಸ್86-64ರಲ್ಲಿ ಓಕ್ಯಾಮಲ್ ಕೂಡ ಹಾಗೆಯೇ. ಕಾರಣ ಐದನೆಯ ಅಳತೆಗೋಲು.

ಗಾರ್ಬೇಜ್ ಕಲೆಕ್ಟರಿಗೆ ಜೀವಂತ ಪಾಯಿಂಟರ್ ಎಲ್ಲಿದೆ ಎಂದು ಗೊತ್ತಾಗಬೇಕು. ಎಲ್ಲವೂ ಕಾಲರ್-ಸೇವ್ಡ್ ಆಗಿದ್ದರೆ, ಕರೆಯ ಹೊತ್ತಿಗೆ ಪ್ರತಿ ಫಂಕ್ಷನ್ನಿನ ಜೀವಂತ ಪಾಯಿಂಟರುಗಳೂ ಅದರದ್ದೇ ಸ್ಟ್ಯಾಕ್ ಚೌಕಟ್ಟಿನಲ್ಲಿ, ಗೊತ್ತಾದ ಜಾಗದಲ್ಲಿ ಕೂತಿರುತ್ತವೆ. ಕರೆಯ ಪ್ರತಿ ಜಾಗಕ್ಕೆ ಒಂದು ಪಟ್ಟಿ ಇದ್ದರೆ ಮುಗಿಯಿತು. ಕಾಲೀ-ಸೇವ್ಡ್ ಇದ್ದರೆ, ನಿಮ್ಮ ಪಾಯಿಂಟರ್ ಆರ್‌ಬಿಎಕ್ಸ್‌ನಲ್ಲಿದ್ದು, ಅದನ್ನು ಮೂರು ಹಂತ ಕೆಳಗಿನ ಇನ್ಯಾವುದೋ ಫಂಕ್ಷನ್ ತನ್ನ ಚೌಕಟ್ಟಿನಲ್ಲಿ ಎತ್ತಿಟ್ಟಿರಬಹುದು. ಯಾರು ಯಾವುದನ್ನು ಎಲ್ಲಿಟ್ಟರು ಎಂದು ಚೌಕಟ್ಟಿನಿಂದ ಚೌಕಟ್ಟಿಗೆ ಹಿಂಬಾಲಿಸುವ ಕೋಡ್ ಬರೆಯಬೇಕು. ಅಲ್ಲಿ ಒಂದು ತಪ್ಪಾದರೆ ವಸ್ತು ಬದುಕಿರುವಾಗಲೇ ಕಲೆಕ್ಟರ್ ಅದನ್ನು ಒಯ್ಯುತ್ತದೆ, ಮತ್ತು ಆ ಬಗ್ ಯಾವಾಗ ಕಾಣಿಸಿಕೊಳ್ಳುತ್ತದೆಂದು ಹೇಳಲಾಗದು. ಎಕ್ಸೆಪ್ಷನ್ ಕೂಡ ಹಗುರವಾಗುತ್ತದೆ: ಮರಳಿ ತುಂಬಬೇಕಾದ ರಿಜಿಸ್ಟರ್ ಇಲ್ಲವಾದ್ದರಿಂದ ಸ್ಟ್ಯಾಕ್ ಪಾಯಿಂಟರ್ ಸರಿಸಿ ಹಾರಿದರೆ ಸಾಕು. ಕೊರೂಟೀನ್ (ನಡುವೆ ನಿಂತು ಮತ್ತೆ ಮುಂದುವರಿಯುವ ಫಂಕ್ಷನ್) ಬದಲಿಸುವುದೂ ಅಷ್ಟೇ ಹಗುರ. ಲಿನಕ್ಸ್ ಕರ್ನಲ್ ಎಕ್ಸ್86-64ರಲ್ಲಿ ಒಂದು ಟಾಸ್ಕಿನಿಂದ ಇನ್ನೊಂದಕ್ಕೆ ಹೋಗುವಾಗ ಆ ಆರು ಕಾಲೀ-ಸೇವ್ಡ್ ರಿಜಿಸ್ಟರ್‌ಗಳನ್ನು ಪುಶ್ ಮಾಡಲೇಬೇಕು, ಈ ಪದ್ಧತಿಯಲ್ಲಿ ಅದೂ ಬೇಡ.

ತೆರುವ ಬೆಲೆ ಎರಡು. ಬಿಸಿ ಲೂಪಿನಲ್ಲಿ ಕರೆ ಉಳಿದರೆ ಸುರಿತ ಖಚಿತ, ಆದ್ದರಿಂದ ಒಳ್ಳೆಯ ಇನ್‌ಲೈನರ್ (ಕರೆಯ ಬದಲು ಫಂಕ್ಷನ್ನಿನ ಕೋಡನ್ನೇ ಅಲ್ಲಿ ಸೇರಿಸುವುದು) ಇಲ್ಲದೆ ಈ ಪದ್ಧತಿ ಹಿಡಿಯಬೇಡಿ. ಮತ್ತು ಸಿ ಕೋಡು ನಿಮ್ಮನ್ನು ಮರಳಿ ಕರೆಯುವ ಗಡಿಯಲ್ಲಿ ಆರು ರಿಜಿಸ್ಟರ್‌ಗಳನ್ನೂ ಉಳಿಸುವ ಸೇತುವೆ ಕೋಡ್ ಬರೆಯಲೇಬೇಕು.

ಎಲ್ಲ ಕಾಲೀ-ಸೇವ್ಡ್ ಪದ್ಧತಿಯನ್ನು ಇಡೀ ಭಾಷೆಗೆ ಯಾರೂ ಆರಿಸಬೇಕಿಲ್ಲ. ಅದು ಸಲ್ಲುವುದು ಅಪರೂಪಕ್ಕೆ ಕರೆಸಿಕೊಳ್ಳುವ ಫಂಕ್ಷನ್ನಿಗೆ. ಕ್ಲ್ಯಾಂಗ್ ಎಂಬ ಸಿ ಕಂಪೈಲರಿನ ಪ್ರಿಸರ್ವ್-ಮೋಸ್ಟ್ ಗುಣಲಕ್ಷಣ ಇದಕ್ಕೆಂದೇ ಇದೆ. ಲಾಗ್ ಬರೆಯುವುದು, ಬಫರ್ ತುಂಬಿದಾಗ ದೊಡ್ಡದು ಮಾಡುವುದು ಇಂಥ ನಿಧಾನ ದಾರಿಯ ಫಂಕ್ಷನ್ನಿಗೆ ಅಂಟಿಸಿದರೆ, ಬಹುತೇಕ ಎಲ್ಲ ಸಾಮಾನ್ಯ ರಿಜಿಸ್ಟರ್‌ಗಳನ್ನೂ ಅದೇ ಕಾಪಾಡುತ್ತದೆ, ಬಿಸಿ ದಾರಿಯ ಕೋಡು ಆ ಕರೆಗಾಗಿ ತನ್ನ ಲೆಕ್ಕ ಕದಲಿಸಬೇಕಿಲ್ಲ. ಫಂಕ್ಷನ್ ಪಾಯಿಂಟರ್ ಮೂಲಕ ಕರೆಯುವುದಾದರೆ ಪಾಯಿಂಟರಿನ ಟೈಪಿನಲ್ಲೂ ಅದೇ ಗುಣಲಕ್ಷಣ ಇರಬೇಕು. ಇದರ ವಿರುದ್ಧ ತುದಿಯ ಪ್ರಿಸರ್ವ್-ನನ್ ಇಂಟರ್‌ಪ್ರಿಟರ್ ಬರೆಯುವವರಿಗೆ. ಪ್ರತಿ ಆಪ್‌ಕೋಡ್ (ಇಂಟರ್‌ಪ್ರಿಟರಿನ ಒಂದು ಸೂಚನೆ) ಒಂದು ಫಂಕ್ಷನ್, ಒಂದರಿಂದ ಇನ್ನೊಂದಕ್ಕೆ ಟೇಲ್ ಕಾಲ್ (ಮರಳದೆ ನೇರ ಜಿಗಿತ), ನಡುವೆ ಪುಶ್ ಪಾಪ್ ಏನೂ ಇಲ್ಲ. ಸಿಪೈಥಾನ್ 3.14ರ ಟೇಲ್ ಕಾಲ್ ಇಂಟರ್‌ಪ್ರಿಟರ್ ಈ ದಾರಿಯನ್ನೇ ಬಳಸುತ್ತದೆ.

ಹಾರ್ಡ್‌ವೇರ್ ಕಿಟಕಿ: ಬೋರ್ಡ್ ಕೊಳ್ಳುವವರು ಗಮನಿಸಿ

ಸ್ಪಾರ್ಕ್ ಚಿಪ್ಪುಗಳಲ್ಲಿದ್ದ ರಿಜಿಸ್ಟರ್ ವಿಂಡೋ ಇನ್ನೂ ಎಸ್‌ಪಿ ರೋಡಿನಲ್ಲಿ ಸಿಗುತ್ತದೆ ಎಂದರೆ ಕೆಲವರಿಗೆ ಅಚ್ಚರಿಯಾಗಬಹುದು. ಮೊದಲ ಇಎಸ್‌ಪಿ32ರ ಎಕ್ಸ್‌ಟೆನ್ಸಾ ಕೋರಿನಲ್ಲಿ 64 ಭೌತಿಕ ರಿಜಿಸ್ಟರ್‌ಗಳಿವೆ, ಒಮ್ಮೆಗೆ ಕಾಣುವುದು 16. ಪ್ರತಿ ಕರೆಗೆ ಕಿಟಕಿ 4, 8 ಅಥವಾ 12 ಸ್ಥಾನ ಸರಿಯುತ್ತದೆ. ಸಾಮಾನ್ಯವಾಗಿ ಎಂಟು ಸರಿಯುವುದರಿಂದ ಏಳೆಂಟು ಹಂತದ ಕರೆಗಳವರೆಗೆ ಉಳಿಸುವ ಖರ್ಚೇ ಇಲ್ಲ. ಅದಕ್ಕಿಂತ ಆಳಕ್ಕೆ ಇಳಿದರೆ ಓವರ್‌ಫ್ಲೋ ಎಕ್ಸೆಪ್ಷನ್ ಎದ್ದು ಹಳೆಯ ಕಿಟಕಿಗಳು ಸ್ಟ್ಯಾಕಿಗೆ ಸುರಿಯುತ್ತವೆ, ಮರಳುವಾಗ ಮತ್ತೆ ತುಂಬಬೇಕು. ಟಾಸ್ಕ್ ಬದಲಿಸುವಾಗ ಜೀವಂತ ಕಿಟಕಿಗಳೆಲ್ಲವನ್ನೂ ಸುರಿಯಬೇಕು.

ಇಎಸ್‌ಪಿ32-ಸಿ3 ರಿಸ್ಕ್-ಫೈವ್, ಅಲ್ಲಿ ಕಿಟಕಿ ಇಲ್ಲ. ಕರೆಯ ಸಮಯ ಪ್ರತಿ ಸಲ ಒಂದೇ ಇರಬೇಕು, ಅಸೆಂಬ್ಲಿ ಓದಿ ಕಲಿಯಬೇಕು ಎನ್ನುವವರು ಸಿ3 ಕೊಳ್ಳಲಿ. ಎರಡು ಕೋರ್ ಬೇಕೆನ್ನುವವರಿಗೆ ಹಳೆಯದೇ ಸರಿ, ಕಿಟಕಿಯ ವಿಷಯ ಅವರು ಗಮನಿಸುವುದೂ ಇಲ್ಲ.

ಫ್ಲ್ಯಾಶ್ ಸಾಲದವರಿಗೆ

ರಿಸ್ಕ್-ಫೈವ್‌ನಲ್ಲಿ ನಾಲ್ಕು ರಿಜಿಸ್ಟರ್ ಉಳಿಸುವ ಫಂಕ್ಷನ್ ತೆಗೆದುಕೊಳ್ಳಿ. ಕಂಪ್ರೆಸ್ಡ್ ಸೂಚನೆ ಬಳಸಿದರೂ ಪ್ರೊಲಾಗಿಗೆ ಐದು ಸೂಚನೆ, ಎಪಿಲಾಗಿಗೆ (ಕೊನೆಯಲ್ಲಿ ಮರಳಿ ತುಂಬುವ ಕೋಡಿಗೆ) ಆರು: 22 ಬೈಟ್. ಜಿಸಿಸಿ ಕಂಪೈಲರಿನ ಎಂಸೇವ್-ರಿಸ್ಟೋರ್ ಆಯ್ಕೆ ಕೊಟ್ಟರೆ ಈ ಕೆಲಸವನ್ನು ಎಲ್ಲ ಫಂಕ್ಷನ್‌ಗಳೂ ಹಂಚಿಕೊಳ್ಳುವ ಲೈಬ್ರರಿ ತುಣುಕು ಮಾಡುತ್ತದೆ. ಒಳಗೆ ಹೋಗಲು ಟಿ0 ಬಳಸುವ 4 ಬೈಟಿನ ಜಿಗಿತ, ಹೊರಬರಲು 2 ಅಥವಾ 4 ಬೈಟಿನ ಜಿಗಿತ, ಒಟ್ಟು 8ರೊಳಗೆ. ಬದಲಿಗೆ ಪ್ರತಿ ಕರೆಗೆ ಮೂರು ಜಿಗಿತ ಹೆಚ್ಚು, ನಾಲ್ಕಕ್ಕಿಂತ ಕಡಿಮೆ ಬೇಕಿದ್ದರೂ ಕೆಲವೊಮ್ಮೆ ಹೆಚ್ಚು ರಿಜಿಸ್ಟರ್ ಉಳಿಸಿ ಸ್ಟ್ಯಾಕ್ ತಿನ್ನುತ್ತದೆ. ಇಡೀ ಪ್ರೋಗ್ರಾಂಗೆ ಹಾಕದೆ, ಬಿಸಿಯಾಗಿಲ್ಲದ ಫೈಲುಗಳಿಗಷ್ಟೇ ಹಾಕುವುದು ಜಾಣತನ.

ಝಡ್‌ಸಿಎಂಪಿ ವಿಸ್ತರಣೆ ಇರುವ ಚಿಪ್ಪಿನಲ್ಲಿ ಇದು ಇನ್ನೂ ಸುಲಭ: ಸಿಎಂ-ಪುಶ್ 2 ಬೈಟ್, ಸಿಎಂ-ಪಾಪ್‌ರೆಟ್ 2 ಬೈಟ್. ರಾಸ್ಪ್‌ಬೆರಿ ಪೈ ಪಿಕೋ 2ರ ರಿಸ್ಕ್-ಫೈವ್ ಕೋರಿನಲ್ಲಿ ಇದಿದೆ, ಇಎಸ್‌ಪಿ32-ಸಿ3ರಲ್ಲಿ ಇಲ್ಲ.

ಕಂಪೈಲರ್ ತಾನಾಗಿ ಮಾಡುವ ಉಳಿತಾಯ

ಪದ್ಧತಿ ಬದಲಿಸುವ ಮೊದಲು ಇವನ್ನು ನೋಡಿ. ಜಿಸಿಸಿಯ ಓ2 ಎಂಬ ಆಪ್ಟಿಮೈಸೇಷನ್ ಮಟ್ಟದಲ್ಲಿ ಐಪಿಎ-ಆರ್‌ಎ ಚಾಲೂ ಇರುತ್ತದೆ: ಕರೆಸಿಕೊಳ್ಳುವ ಫಂಕ್ಷನ್ ಅದೇ ಫೈಲಿನಲ್ಲಿದ್ದು, ಮೊದಲೇ ಕಂಪೈಲ್ ಆಗಿದ್ದರೆ, ಅದು ನಿಜವಾಗಿ ಯಾವ ರಿಜಿಸ್ಟರ್ ಮುಟ್ಟುತ್ತದೆಂದು ನೋಡಿ ಉಳಿದವನ್ನು ಸುಮ್ಮನೆ ಬಿಡುತ್ತದೆ. ಚಿಕ್ಕ ಸಹಾಯಕ ಫಂಕ್ಷನ್‌ಗಳಿಗೆ ಸ್ಟ್ಯಾಟಿಕ್ ಎಂದು ಬರೆಯುವುದಕ್ಕೆ ಇದೂ ಒಂದು ಕಾರಣ. ಪ್ರೊಫೈಲಿಂಗಿನ ಪಿಜಿ ಆಯ್ಕೆ ಹಾಕಿದರೆ ಇದು ನಿಂತುಹೋಗುತ್ತದೆ, ಹಾಗಾಗಿ ಅಳೆಯುವ ಕೋಡೂ ಓಡುವ ಕೋಡೂ ಬೇರೆ ಬೇರೆಯಾಗುತ್ತವೆ. ಇನ್ನೊಂದು ಶ್ರಿಂಕ್-ರ‍್ಯಾಪಿಂಗ್, ಫ್ರೆಡ್ ಚೌ 1988ರಲ್ಲಿ ಬರೆದ ಪ್ರಬಂಧದಿಂದ ಹೆಸರಾದದ್ದು. ಪಾಯಿಂಟರ್ ಖಾಲಿ ಇದ್ದರೆ ಕೂಡಲೇ ಮರಳುವ ಫಂಕ್ಷನ್ನಿನಲ್ಲಿ, ಆ ಪರೀಕ್ಷೆ ಮುಗಿದ ಮೇಲಷ್ಟೇ ಪುಶ್‌ಗಳು ಬರುತ್ತವೆ. ಅಂಥ ಪರೀಕ್ಷೆಗಳನ್ನು ಫಂಕ್ಷನ್ನಿನ ತಲೆಯಲ್ಲಿಯೇ ಬರೆದರೆ ಕಂಪೈಲರಿಗೆ ಕೆಲಸ ಸುಲಭ.

ಸ್ವಂತ ರಿಜಿಸ್ಟರ್ ಅಲೊಕೇಟರ್ ಬರೆಯುವವರಿಗೆ ನಿಯಮ ಸರಳ. ಕರೆ ದಾಟುವ ಮೌಲ್ಯಕ್ಕೆ ಎರಡು ವೆಚ್ಚ ಹೋಲಿಸಿ: ಕಾಲೀ-ಸೇವ್ಡ್ ಕೊಟ್ಟರೆ ಫಂಕ್ಷನ್ ಪ್ರವೇಶಕ್ಕೆ ಎರಡು ಓಡಾಟ, ಕಾಲರ್-ಸೇವ್ಡ್ ಕೊಟ್ಟರೆ ದಾಟುವ ಪ್ರತಿ ಕರೆಗೂ ಎರಡು. ತಪ್ಪಾದಾಗ ಮಾತ್ರ ಓಡುವ ಕರೆಯೊಂದನ್ನೇ ದಾಟುವ ಮೌಲ್ಯಕ್ಕೆ ಕಾಲರ್-ಸೇವ್ಡೇ ಅಗ್ಗ. ಸ್ಥಿರ ಸಂಖ್ಯೆಯನ್ನು ಉಳಿಸಲೇಬೇಡಿ, ಕರೆಯ ನಂತರ ಮತ್ತೆ ಹುಟ್ಟಿಸಿ. ಪ್ರೊಲಾಗನ್ನು ಹಂಚಿಕೆ ಮುಗಿದ ಮೇಲೆಯೇ ಬರೆಯಿರಿ, ಏಕೆಂದರೆ ಎಷ್ಟು ಪುಶ್ ಎಂದು ಆವರೆಗೆ ಗೊತ್ತಿರುವುದಿಲ್ಲ. ಸ್ಟ್ಯಾಕಿನಲ್ಲಿ ಬಂದ ಆರ್ಗ್ಯುಮೆಂಟಿನ ದೂರ ಆ ಸಂಖ್ಯೆಯ ಮೇಲೆ ನಿಂತಿದೆ, ಮೊದಲ ಪ್ರಾಜೆಕ್ಟುಗಳು ಮುಗ್ಗರಿಸುವ ಜಾಗವೂ ಇದೇ. ಎಕ್ಸ್86-64ರಲ್ಲಿ ಕರೆಯ ಹೊತ್ತಿಗೆ ಸ್ಟ್ಯಾಕ್ 16 ಬೈಟಿಗೆ ಸಾಲಾಗಿರಬೇಕು: ಪುಶ್ ಬೆಸವಾಗಿದ್ದರೆ ತಾನಾಗಿ ಸರಿಹೋಗುತ್ತದೆ, ಸಮವಾಗಿದ್ದರೆ ಇನ್ನೂ 8 ಬೈಟ್ ಸರಿಸಬೇಕು. ಕ್ಲ್ಯಾಂಗ್ ಕೊಡುವ ಅಸೆಂಬ್ಲಿಯಲ್ಲಿ ಅರ್ಥವಿಲ್ಲದಂತೆ ಕಾಣುವ ಆರ್‌ಎಎಕ್ಸ್ ಪುಶ್ ಇರುವುದು ಇದಕ್ಕಾಗಿ.

ಯಾವುದು ಕೆಡುತ್ತದೆ, ಹೇಗೆ ಹಿಡಿಯುವುದು

ಇನ್‌ಲೈನ್ ಅಸೆಂಬ್ಲಿಯಲ್ಲಿ ಸಿಪಿಯುಐಡಿ (ಪ್ರೊಸೆಸರಿನ ಗುರುತು ಓದುವ ಸೂಚನೆ) ಬಳಸಿ, ಅದು ಆರ್‌ಬಿಎಕ್ಸ್ ಅನ್ನೂ ಅಳಿಸುತ್ತದೆಂದು ಕಂಪೈಲರಿಗೆ ಹೇಳದಿರುವುದು ಹಳೆಯ ತಪ್ಪು. ಪೆಟ್ಟು ಬೀಳುವುದು ಆ ಫಂಕ್ಷನ್ನಿಗಲ್ಲ, ಅದನ್ನು ಕರೆದವರಿಗೆ, ಕೆಲವೊಮ್ಮೆ ಅವರನ್ನೂ ಕರೆದವರಿಗೆ. ಆಪ್ಟಿಮೈಸೇಷನ್ ಇಲ್ಲದ ಓ0ರಲ್ಲಿ ಎಲ್ಲ ಮೌಲ್ಯಗಳೂ ಮೆಮೊರಿಯಲ್ಲಿರುವುದರಿಂದ ಬಗ್ ಕಾಣುವುದಿಲ್ಲ, ಓ2ರಲ್ಲಿ ಹೊರಬೀಳುತ್ತದೆ. ಸೆಟ್‌ಜಂಪ್ (ಲಾಂಗ್‌ಜಂಪ್ ಮರಳಿ ಬರಬೇಕಾದ ಜಾಗ ಗುರುತಿಸುವ ಸಿ ಫಂಕ್ಷನ್) ಆದ ಮೇಲೆ ಬದಲಿಸಿದ ಸ್ಥಳೀಯ ವೇರಿಯಬಲ್, ವೊಲಟೈಲ್ ಅಲ್ಲದಿದ್ದರೆ, ಲಾಂಗ್‌ಜಂಪ್ ನಂತರ ಹಳೆಯ ಮೌಲ್ಯಕ್ಕೆ ಮರಳಬಹುದು: ಅದು ಕಾಲೀ-ಸೇವ್ಡ್ ರಿಜಿಸ್ಟರಿನಲ್ಲಿತ್ತು, ಲಾಂಗ್‌ಜಂಪ್ ಆ ರಿಜಿಸ್ಟರನ್ನು ಹಿಂದಿನ ಸ್ಥಿತಿಗೆ ತಂದಿತು. ಕೈಯಲ್ಲಿ ಬರೆದ ಅಸೆಂಬ್ಲಿಯಲ್ಲಿ ಪುಶ್ ಮಾಡಿ, ಸಿಎಫ್‌ಐ (ಅನ್‌ವೈಂಡರಿಗೆ ದಾರಿ ತೋರುವ) ನಿರ್ದೇಶನ ಬರೆಯದಿದ್ದರೆ, ಅದರ ಮೂಲಕ ಹಾಯುವ ಸಿ++ ಎಕ್ಸೆಪ್ಷನ್ ದಾರಿ ತಪ್ಪುತ್ತದೆ.

ಅನುಮಾನ ಬಂದ ಫಂಕ್ಷನ್ನಿನ ಮೊದಲ ಸೂಚನೆಯ ವಿಳಾಸದಲ್ಲೇ ಜಿಡಿಬಿ ಡೀಬಗರಿನಿಂದ ಪ್ರೋಗ್ರಾಂ ನಿಲ್ಲಿಸಿ, ಏಕೆಂದರೆ ಹೆಸರು ಕೊಟ್ಟು ನಿಲ್ಲಿಸಿದರೆ ಅದು ಪ್ರೊಲಾಗ್ ದಾಟಿ ನಿಲ್ಲಬಹುದು. ಆರು ಕಾಲೀ-ಸೇವ್ಡ್ ರಿಜಿಸ್ಟರ್‌ಗಳ ಮೌಲ್ಯ ಬರೆದಿಟ್ಟುಕೊಂಡು, ಫಿನಿಶ್ ಕೊಟ್ಟು ಹೊರಬಂದ ಮೇಲೆ ಮತ್ತೆ ನೋಡಿ. ಒಂದಾದರೂ ಬದಲಾಗಿದ್ದರೆ ಒಪ್ಪಂದ ಮುರಿದವರು ಅಲ್ಲಿಯೇ ಇದ್ದಾರೆ.

ನಿಮಗೆ ಯಾವುದು?

ಪ್ರಾಜೆಕ್ಟ್ ಕಂಪೈಲರ್, ಸಿ ಲೈಬ್ರರಿ ಕರೆಯಬೇಕು, ಗಾರ್ಬೇಜ್ ಕಲೆಕ್ಟರ್ ಇಲ್ಲ: ವೇದಿಕೆಯ ಮಿಶ್ರ ಒಪ್ಪಂದವನ್ನೇ ಹಿಡಿಯಿರಿ, ಸಮಯ ಕಡಿಮೆಯಿದ್ದರೆ ಕರೆ ದಾಟುವ ಮೌಲ್ಯಗಳನ್ನೆಲ್ಲ ಸ್ಟ್ಯಾಕಿಗೆ ಹಾಕಿ ಮೊದಲ ಆವೃತ್ತಿ ಮುಗಿಸಿ. ಕಲೆಕ್ಟರ್ ಇರುವ ಭಾಷೆ, ಇಬ್ಬರು ಮೂವರ ತಂಡ: ಒಳಗೆ ಎಲ್ಲ ಕಾಲರ್-ಸೇವ್ಡ್, ಸಿ ಗಡಿಯಲ್ಲಿ ಸೇತುವೆ. ಇಂಟರ್‌ಪ್ರಿಟರ್ ಲೂಪು ನಿಧಾನ ಎನ್ನುವವರು ಪ್ರಿಸರ್ವ್-ನನ್ ನೋಡಲಿ, ಆದರೆ ಅದು ಎಲ್ಲ ಕಂಪೈಲರಿನಲ್ಲೂ ಸಿಗದು, ಸಾದಾ ದಾರಿಯನ್ನೂ ಉಳಿಸಿಕೊಂಡಿರಬೇಕು. 16 ಕೆಬಿ ಫ್ಲ್ಯಾಶಿನವರು ಗಾತ್ರ ಕುಗ್ಗಿಸುವ ಓಎಸ್ ಆಪ್ಟಿಮೈಸೇಷನ್ ಮಟ್ಟ ಮತ್ತು ಎಂಸೇವ್-ರಿಸ್ಟೋರಿನಿಂದ ಶುರು ಮಾಡಲಿ. ಇಡೀ ಪ್ರೋಗ್ರಾಂಗೆ ಒಂದು ರಿಜಿಸ್ಟರಿನ ಪಾತ್ರವನ್ನೇ ಬದಲಿಸುವ ಎಫ್‌ಕಾಲ್-ಯೂಸ್ಡ್ ತರಹದ ಆಯ್ಕೆಗಳಿಗೆ, ಲೈಬ್ರರಿಗಳನ್ನೂ ಅದೇ ಆಯ್ಕೆಯಿಂದ ಕಟ್ಟಲಾಗದಿದ್ದರೆ, ಕೈ ಹಾಕಬೇಡಿ.

ಎರಡು ಆಯ್ಕೆಗಳ ನಡುವೆ ಇನ್ನೂ ತೂಗುತ್ತಿದ್ದರೆ ಎರಡನ್ನೂ ಕಟ್ಟಿ ನೋಡಿ. ಗಾತ್ರಕ್ಕೆ ಸೈಜ್ ಆಜ್ಞೆ, ಪ್ರತಿ ಫಂಕ್ಷನ್ನಿನ ಸ್ಟ್ಯಾಕಿಗೆ ಜಿಸಿಸಿಯ ಎಫ್‌ಸ್ಟ್ಯಾಕ್-ಯೂಸೇಜ್ ಬರೆಯುವ ಕಡತ, ಪ್ರೊಲಾಗಿನಲ್ಲಿ ಏನಿದೆಯೆಂದು ನೋಡಲು ಆಬ್ಜ್‌ಡಂಪ್. ಬಿಡುಗಡೆಗೆ ಬಳಸುವ ಅದೇ ಆಯ್ಕೆಗಳಿಂದ ಕಟ್ಟಿಯೇ ಅಳೆಯಿರಿ, ಓ0ರ ಅಂಕಿಗಳು ಇಲ್ಲಿ ಯಾವ ಕೆಲಸಕ್ಕೂ ಬರುವುದಿಲ್ಲ.